ಧರ್ಮ ಕೇಳಲು ಮಾಂಸದಂಗಡಿಗೆ ಹೋದ ಬ್ರಾಹ್ಮಣ

ಮಿಥಿಲೆಯ ಪೇಟೆಯಲ್ಲೊಂದು ಮಾಂಸದಂಗಡಿ. ಜಿಂಕೆ, ಎಮ್ಮೆಗಳ ಮಾಂಸ ಹರವಿಕೊಂಡು ಕೂತ ವ್ಯಾಪಾರಿ, ಅವನ ಸುತ್ತ ಗಿರಾಕಿಗಳ ಗದ್ದಲ. ವೇದ ಓದಿ ತಪಸ್ಸು ಮಾಡಿದ ಬ್ರಾಹ್ಮಣನೊಬ್ಬ ಆ ಗದ್ದಲದಿಂದ ಸರಿದು ಒಂದು ಮೂಲೆಯಲ್ಲಿ ನಿಂತಿದ್ದಾನೆ. ಧರ್ಮವೆಂದರೇನು ಎಂದು ಕೇಳಿ ತಿಳಿಯಲು ಅವನು ಅಷ್ಟು ದೂರದಿಂದ ಬಂದಿದ್ದಾನೆ. ವ್ಯಾಪಾರಿ ದಡಬಡನೆ ಎದ್ದು ಬಂದು ಕೈಮುಗಿಯುತ್ತಾನೆ. ತಮ್ಮನ್ನು ಯಾವ ಹೆಂಗಸು ಕಳಿಸಿದಳು, ಏಕೆ ಕಳಿಸಿದಳು ಎಂಬುದೆಲ್ಲ ತನಗೆ ಗೊತ್ತು, ಇದು ತಾವು ನಿಲ್ಲುವಂಥ ಜಾಗವಲ್ಲ, ಮನೆಗೆ ಹೋಗೋಣ ಎನ್ನುತ್ತಾನೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮುನಿ ಧರ್ಮರಾಯನಿಗೆ ಹೇಳುವ ಈ ಪ್ರಸಂಗಕ್ಕೆ ವ್ಯಾಧಗೀತೆ ಎಂದು ಹೆಸರು. ಭಗವದ್ಗೀತೆಯ ಹೆಸರು ಕೇಳದವರಿಲ್ಲ. ಇದನ್ನು ಕೇಳಿದವರು ಕಡಿಮೆ.

ಬ್ರಾಹ್ಮಣನ ಹೆಸರು ಕೌಶಿಕ. ಒಂದು ದಿನ ಮರದಡಿ ಕೂತು ವೇದ ಹೇಳಿಕೊಳ್ಳುತ್ತಿದ್ದಾಗ ಮೇಲಿದ್ದ ಕೊಕ್ಕರೆ ಹಿಕ್ಕೆ ಹಾಕಿತು. ಕೌಶಿಕ ಕೆಂಗಣ್ಣು ಬಿಟ್ಟು ನೋಡಿದ್ದೇ ತಡ, ಹಕ್ಕಿ ಸತ್ತು ಕೆಳಗೆ ಬಿತ್ತು. ಅಯ್ಯೋ ಎಂದು ನೊಂದುಕೊಂಡ, ನಿಜ. ಆದರೆ ಸಿಟ್ಟು ಇಳಿಯುವ ಗುಣ ಬಂದಿರಲಿಲ್ಲ. ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿ, ಸ್ವಲ್ಪ ತಾಳಿ ಎಂದು ಪಾತ್ರೆ ತೊಳೆಯುತ್ತಿದ್ದಳು. ಅಷ್ಟರಲ್ಲಿ ಗಂಡ ಹಸಿದು ಬಂದ. ಅವನಿಗೆ ಬಡಿಸಿ, ಉಪಚರಿಸಿ, ಆಮೇಲೆ ಭಿಕ್ಷೆ ಹಿಡಿದು ಬಾಗಿಲಿಗೆ ಬಂದರೆ ಅತಿಥಿ ಬೆಂಕಿಯಾಗಿದ್ದಾನೆ. ಆಕೆ ಬೆದರಲಿಲ್ಲ. ತಾನೇನು ಆ ಕೊಕ್ಕರೆಯಲ್ಲ ಎಂದುಬಿಟ್ಟಳು. ಮರದಡಿ ನಡೆದದ್ದು ಈಕೆಗೆ ಹೇಗೆ ಗೊತ್ತಾಯಿತು ಎಂದು ಕೌಶಿಕ ತಬ್ಬಿಬ್ಬು. ವೇದ ಕಲಿತಿದ್ದೀರಿ, ಶುಚಿಯಾಗಿದ್ದೀರಿ, ಆದರೂ ಧರ್ಮದ ತಿರುಳು ನಿಮಗೆ ಹತ್ತಿಲ್ಲ, ಮಿಥಿಲೆಯ ಧರ್ಮವ್ಯಾಧನನ್ನು ಹೋಗಿ ಕೇಳಿ ಎಂದು ದಾರಿ ತೋರಿಸಿದವಳು ಅವಳೇ.

ವ್ಯಾಧನ ಮಾತಿನಲ್ಲಿ ನುಣುಚಿಕೊಳ್ಳುವ ಜಾಣತನವಿಲ್ಲ. ತನ್ನ ಕಸುಬು ಘೋರವೆಂದು ಅವನೇ ಮೊದಲು ಒಪ್ಪುತ್ತಾನೆ. ತಾನು ಪ್ರಾಣಿಗಳನ್ನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ತಾನು ತಿನ್ನುವುದೂ ಇಲ್ಲ ಎನ್ನುತ್ತಾನೆ. ಅಷ್ಟರಿಂದಲೇ ತಾನು ನಿರ್ದೋಷಿ ಎಂದು ಬೀಗುವುದಿಲ್ಲ. ಆಮೇಲೆ ಪ್ರಶ್ನೆಯನ್ನು ಎಲ್ಲರ ಕಡೆಗೂ ತಿರುಗಿಸುತ್ತಾನೆ. ನೇಗಿಲು ಹೂಡಿದರೆ ಮಣ್ಣಿನೊಳಗಿನ ಎಷ್ಟು ಜೀವಗಳು ಸಾಯುತ್ತವೆ? ಭತ್ತದ ಕಾಳಿನಲ್ಲಿ ಜೀವವಿಲ್ಲವೆ, ನೀರಿನಲ್ಲಿಲ್ಲವೆ, ಕಾಲಿಟ್ಟ ನೆಲದಲ್ಲಿಲ್ಲವೆ? ಅಹಿಂಸೆಯನ್ನೇ ವ್ರತವಾಗಿ ಹಿಡಿದ ಯತಿಗೂ ಹಿಂಸೆ ಪೂರ್ತಿ ತಪ್ಪಿದ್ದಲ್ಲ, ಪ್ರಯತ್ನಪಟ್ಟರೆ ಕಡಿಮೆಯಾದೀತು, ಅಷ್ಟೆ. ಈ ಮಾತು ಬರುವುದು ಮಾಂಸದಂಗಡಿಯವನ ಬಾಯಲ್ಲಿ. ಕೇಳುತ್ತಿರುವವನು ಒಂದೇ ಒಂದು ನೋಟದಿಂದ ಹಕ್ಕಿಯ ಜೀವ ತೆಗೆದವನು. ಕಥೆ ಕಟ್ಟಿದವನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ಕೊನೆಗೆ ವ್ಯಾಧ ಅವನನ್ನು ಒಳಮನೆಗೆ ಕರೆದೊಯ್ದು ಉಂಡು ಸುಖವಾಗಿ ಕೂತ ತನ್ನ ಮುದಿ ತಂದೆತಾಯಿಯನ್ನು ತೋರಿಸುತ್ತಾನೆ. ಇವರೇ ತನ್ನ ದೇವರು ಎನ್ನುತ್ತಾನೆ. ನೀವು ಹೇಳದೆ ಕೇಳದೆ ಮನೆ ಬಿಟ್ಟು ಬಂದಿರಿ, ನಿಮ್ಮ ಹೆತ್ತವರು ಕೊರಗಿ ಕೊರಗಿ ಕಣ್ಣು ಕಳೆದುಕೊಂಡಿದ್ದಾರೆ, ಹೋಗಿ ನೋಡಿಕೊಳ್ಳಿ ಎಂದು ವೇದ ಕಲಿತವನನ್ನು ಊರಿಗೆ ವಾಪಸು ಕಳಿಸುತ್ತಾನೆ.

ಇಷ್ಟು ವಿವರವಾಗಿ ಈ ಕಥೆ ಹೇಳಲು ಕಾರಣವಿದೆ. ಶಾಲೆಯಲ್ಲಿ ನೀತಿಪಾಠಕ್ಕೆ ಧರ್ಮಗ್ರಂಥ ಬೇಕೆ ಬೇಡವೆ ಎಂಬ ಜಗಳ ನಮ್ಮಲ್ಲಿ ಆಗಾಗ ಹೊತ್ತಿಕೊಳ್ಳುತ್ತದೆ. 2011ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ನಡೆದ ಗೀತಾ ಅಭಿಯಾನ ವಿವಾದವಾಯಿತು. 2022ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಯವರೆಗೆ ಗೀತೆಯ ಪಾಠ ತರುವುದಾಗಿ ಪ್ರಕಟಿಸಿದಾಗ ಇಲ್ಲೂ ಅದೇ ಮಾತು ಮತ್ತೆ ಎದ್ದಿತು. ಬೇಕೆನ್ನುವವರು, ಬೇಡವೆನ್ನುವವರು ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದವರಂತೆ ಕಾಣುತ್ತಾರೆ: ಧರ್ಮಗ್ರಂಥವೆಂದರೆ ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಅಪ್ಪಣೆಗಳ ಕಟ್ಟು. ಒಬ್ಬರಿಗೆ ಆ ಕಟ್ಟು ಮಕ್ಕಳ ತಲೆಗೆ ಇಳಿಯಬೇಕು, ಇನ್ನೊಬ್ಬರಿಗೆ ಅದು ಮಕ್ಕಳ ಹತ್ತಿರವೂ ಸುಳಿಯಬಾರದು. ಗ್ರಂಥವನ್ನು ಬಿಡಿಸಿ ಓದಿದರೆ ಕಾಣುವುದು ಬೇರೆಯೇ. ಅಪ್ಪಣೆಗಳು ಅಲ್ಲಿ ಇವೆ, ಬೇಕಾದಷ್ಟಿವೆ. ಆದರೆ ಮನಸ್ಸಿನಲ್ಲಿ ಉಳಿಯುವುದು ಅಪ್ಪಣೆಗಳು ಪರಸ್ಪರ ಡಿಕ್ಕಿ ಹೊಡೆಯುವ ಕಥೆಗಳು.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯನ್ನೇ ನೋಡಿ. ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳು ಅಲ್ಲಿವೆ. ತಾಯಿ, ತಂದೆ, ಗುರು, ಅತಿಥಿಗಳನ್ನು ದೇವರೆಂದು ಕಾಣಬೇಕೆಂಬ ಭಾಗ ಶಾಲೆಯ ಗೋಡೆಯಿಂದ ಲಗ್ನಪತ್ರಿಕೆಯವರೆಗೆ ಎಲ್ಲೆಲ್ಲೂ ಕಾಣುತ್ತದೆ. ಅದೇ ಉಪದೇಶದ ಮುಂದಿನ ಭಾಗವನ್ನು ಯಾವ ಗೋಡೆಯ ಮೇಲೂ ಬರೆಸುವುದಿಲ್ಲ. ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ ಎಂದು ಗುರು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಯಾವುದು ಸರಿ ಎಂಬ ಸಂಶಯ ಬಂದರೆ, ವಿಚಾರ ಮಾಡಬಲ್ಲ, ಒರಟುತನವಿಲ್ಲದ ಹಿರಿಯರು ಅಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂದು ನೋಡು ಎನ್ನುತ್ತಾನೆ. ತಾನು ಪೂರ್ತಿ ಸರಿಯಲ್ಲ ಎಂದು ಘಟಿಕೋತ್ಸವದ ದಿನ ಒಪ್ಪಿಕೊಳ್ಳುವ ಕುಲಪತಿ ಇವತ್ತು ಎಷ್ಟು ಜನ ಸಿಕ್ಕಾರು?

ಸತ್ಯದ ವಿಷಯಕ್ಕೆ ಬರೋಣ. ರಾಷ್ಟ್ರಲಾಂಛನದ ಕೆಳಗಿರುವ ಮಾತು ಮುಂಡಕೋಪನಿಷತ್ತಿನದು, ಸತ್ಯವೇ ಗೆಲ್ಲುತ್ತದೆಂದು ಹೇಳುವಂಥದು. ಆದರೆ ಕರ್ಣಪರ್ವದಲ್ಲಿ ಇನ್ನೊಬ್ಬ ಕೌಶಿಕ ಬರುತ್ತಾನೆ. ಹೆಸರು ಅದೇ, ಆಸಾಮಿ ಬೇರೆ. ಎಂದೂ ಸುಳ್ಳಾಡುವುದಿಲ್ಲವೆಂದು ಪಣ ತೊಟ್ಟು ಹೊಳೆಗಳು ಕೂಡುವಲ್ಲಿ ವಾಸವಾಗಿದ್ದ ತಪಸ್ವಿ. ಕಳ್ಳರಿಗೆ ಹೆದರಿ ಒಂದಷ್ಟು ಜನ ಅವನ ಎದುರೇ ಕಾಡು ಹೊಕ್ಕರು. ಹಿಂದೆಯೇ ಬಂದ ಕಳ್ಳರು, ಯಾವ ಕಡೆ ಹೋದರು ಎಂದು ಕೇಳಿದರು. ಕೌಶಿಕ ಇದ್ದದ್ದು ಇದ್ದ ಹಾಗೆ ಹೇಳಿದ. ಕಳ್ಳರು ಅಟ್ಟಿಸಿಕೊಂಡು ಹೋಗಿ ಆ ಜನರನ್ನು ಕೊಂದರು. ಸತ್ಯವಂತ ಕೌಶಿಕ ಘೋರ ನರಕಕ್ಕೆ ಬಿದ್ದ ಎನ್ನುತ್ತದೆ ಮಹಾಭಾರತ.

ಈ ಕಥೆ ಯಾವಾಗ ಬರುತ್ತದೆ ಎಂಬುದು ಇನ್ನೂ ಸ್ವಾರಸ್ಯ. ಯುದ್ಧದ 17ನೇ ದಿನ. ಕರ್ಣನಿಂದ ಪೆಟ್ಟು ತಿಂದು, ಅವಮಾನಪಟ್ಟು ಧರ್ಮರಾಯ ಬಿಡಾರಕ್ಕೆ ಬಂದು ಮಲಗಿದ್ದಾನೆ. ಅಣ್ಣನಿಗೇನಾಯಿತೋ ಎಂದು ಅರ್ಜುನ ನೋಡಲು ಬರುತ್ತಾನೆ. ಕರ್ಣನನ್ನು ಕೊಂದೇ ಬಂದನೆಂದು ಧರ್ಮರಾಯ ಹಿಗ್ಗುತ್ತಾನೆ; ಇನ್ನೂ ಕೊಂದಿಲ್ಲವೆಂದು ತಿಳಿದದ್ದೇ ಬಾಯಿಗೆ ಬಂದಂತೆ ಬೈದು, ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರ ತಲೆ ತೆಗೆಯುತ್ತೇನೆಂದು ಅರ್ಜುನನಿಗೆ ಒಂದು ಗುಟ್ಟಿನ ಪ್ರತಿಜ್ಞೆ. ಮಾತಿಗೆ ತಪ್ಪಬಾರದೆಂದು ಕತ್ತಿ ಹಿರಿದೇಬಿಡುತ್ತಾನೆ. ಕೃಷ್ಣ ಅಡ್ಡ ಬಂದು ಛೀಮಾರಿ ಹಾಕಿ ಹೇಳುವ ಕಥೆಗಳಲ್ಲಿ ಕೌಶಿಕನದೂ ಒಂದು. ಕಥೆ ಮುಗಿಸಿ ಕೃಷ್ಣ ದಾರಿಯನ್ನೂ ಹುಡುಕಿಕೊಡುತ್ತಾನೆ: ಗೌರವದಿಂದ ಮಾತಾಡಿಸಬೇಕಾದ ಹಿರಿಯನನ್ನು ಏಕವಚನದಲ್ಲಿ ಕರೆದು ಹೀಯಾಳಿಸು, ಕೊಂದದ್ದಕ್ಕೆ ಸಮ, ನಿನ್ನ ಪ್ರತಿಜ್ಞೆಯೂ ತೀರಿತು. ಅರ್ಜುನ ಅಣ್ಣನನ್ನು ಮನಸಾರೆ ಬೈಯುತ್ತಾನೆ. ಬೈದು ಮುಗಿದ ಮೇಲೆ ಪಶ್ಚಾತ್ತಾಪ ತಡೆಯದೆ ತನ್ನ ತಲೆಯನ್ನೇ ಕಡಿದುಕೊಳ್ಳಲು ಹೋಗುತ್ತಾನೆ. ಹಾಗಾದರೆ ನಿನ್ನನ್ನು ನೀನೇ ಹೊಗಳಿಕೊ, ಆತ್ಮಹತ್ಯೆಗೆ ಸಮ ಎನ್ನುತ್ತಾನೆ ಕೃಷ್ಣ! ನಗು ತರಿಸುವ ಈ ಜಾಗದಲ್ಲೇ ಮಹಾಭಾರತದ ನೀತಿವಿಚಾರ ತುಂಬ ಗಂಭೀರವಾಗಿದೆ. ನುಡಿದಂತೆ ನಡೆಯಬೇಕೆಂಬ ನಿಯಮ ಒಂದು ಜೀವದ ಎದುರು ನಿಂತಾಗ, ನಿಯಮದ ಗೌರವವನ್ನೂ ಉಳಿಸಿ ಜೀವವನ್ನೂ ಉಳಿಸುವ ಬುದ್ಧಿ ಬೇಕೆಂದು ಅದು ಹೇಳುತ್ತಿದೆ. ಅಂಥ ಬುದ್ಧಿಯನ್ನು ಯಾವ ಸುಭಾಷಿತವನ್ನು ಬಾಯಿಪಾಠ ಮಾಡಿದರೂ ಸಂಪಾದಿಸಲಾಗದು.

ಹಾಗೆಂದು ಸುಳ್ಳಿಗೆ ಬೆಲೆ ಕಟ್ಟದೆ ಬಿಡುವುದೂ ಇಲ್ಲ. ಅಶ್ವತ್ಥಾಮ ಸತ್ತನೆಂದು ದ್ರೋಣನಿಗೆ ಅರ್ಧ ಸತ್ಯ ಹೇಳಿದ ಗಳಿಗೆಯಲ್ಲಿ, ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಹರಿಯುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು. ಆ ಸುಳ್ಳಿಗಾಗಿ ಕಡೆಯಲ್ಲಿ ಅವನು ನರಕದ ದರ್ಶನವನ್ನೂ ಮಾಡಬೇಕಾಯಿತು. ಸುಳ್ಳು ಹೇಳಿಸಿದವನು ಕೃಷ್ಣನೇ ಆದರೂ ರಿಯಾಯಿತಿ ಸಿಗಲಿಲ್ಲ.

ದೇವತೆಗಳಿಗೂ ಇಲ್ಲಿ ರಿಯಾಯಿತಿಯಿಲ್ಲ. ಆದಿಪರ್ವದ ಮಾಂಡವ್ಯ ಮೌನವ್ರತದಲ್ಲಿದ್ದಾಗ ಕಳ್ಳರು ಅವನ ಆಶ್ರಮದಲ್ಲಿ ಮಾಲು ಬಚ್ಚಿಟ್ಟರು. ರಾಜಭಟರು ಅವನನ್ನೂ ಹಿಡಿದು ಶೂಲಕ್ಕೇರಿಸಿದರು. ಸಾಯದೆ ಉಳಿದ ಋಷಿ ಧರ್ಮದೇವತೆಯ ಸನ್ನಿಧಿಗೇ ಹೋಗಿ, ತಾನು ಮಾಡಿದ ತಪ್ಪೇನು ಎಂದು ಕೇಳಿದ. ಚಿಕ್ಕವನಿದ್ದಾಗ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬಂತು. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೆ ಎಂದು ಸಿಡಿದ ಮಾಂಡವ್ಯ, ಧರ್ಮನಿಗೇ ಶಾಪ ಕೊಟ್ಟ. ಆ ಶಾಪದಿಂದ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನೇ ವಿದುರ. ಅಷ್ಟಕ್ಕೇ ಬಿಡದೆ, 14 ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ ಎಂದು ಹೊಸ ಕಟ್ಟಳೆಯನ್ನೂ ಹಾಕಿದ. ಧರ್ಮದ ಅಧಿದೇವತೆಯ ತೀರ್ಪನ್ನು ಒಬ್ಬ ಮನುಷ್ಯ ತಿದ್ದಿದ, ಆ ತಿದ್ದುಪಡಿ ನಿಂತಿತು. ಬಾಲನ್ಯಾಯದ ಕಾಯ್ದೆಗಳನ್ನು ಓದುವ ವಕೀಲರು ಒಮ್ಮೆ ಈ ಕಥೆಯತ್ತ ಕಣ್ಣು ಹಾಯಿಸಬೇಕು.

ಇಂಥ ಪ್ರಶ್ನೆಗಳನ್ನು ಜೀವಂತವಾಗಿ ಇಟ್ಟುಕೊಂಡು ಬಂದ ಶಾಲೆಯೊಂದು ಕರ್ನಾಟಕದ ಕರಾವಳಿಯಲ್ಲಿ, ಕಾಸರಗೋಡಿನಲ್ಲಿ, ಮಲೆನಾಡಿನಲ್ಲಿ ಇದೆ. ಅದರ ಹೆಸರು ತಾಳಮದ್ದಳೆ. ಮಳೆಗಾಲ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಊರೂರಲ್ಲಿ ಕೂಟಗಳು ಶುರುವಾಗುತ್ತವೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಲ್ಯ ಹಾಕಿಕೊಂಡ ಅರ್ಥಧಾರಿಗಳು ಎದುರು ಬದುರು ಕೂರುತ್ತಾರೆ. ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಮಾತು ಆರಂಭ, ಅದೂ ಬರೆದುಕೊಂಡು ಬಂದ ಮಾತಲ್ಲ. ವಾಲಿವಧೆಯ ಪ್ರಸಂಗವಾದರೆ ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸಬೇಕು, ರಾಮ ಉತ್ತರಿಸಬೇಕು. ವಾಲಿಯ ಪಾತ್ರಧಾರಿ ಗಟ್ಟಿಗನಾಗಿದ್ದರೆ ರಾಮ ಬೆವರುತ್ತಾನೆ. ಸಭೆಯಲ್ಲಿ ಕೂತ ರಾಮಭಕ್ತರೇ ವಾಲಿಯ ಮಾತಿಗೆ ಚಪ್ಪಾಳೆ ತಟ್ಟುತ್ತಾರೆ, ಯಾರ ಭಾವನೆಗೂ ಧಕ್ಕೆಯಾಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯನವರಂಥವರು ಹೆಸರು ಮಾಡಿದ್ದು ಈ ಸಭೆಗಳಲ್ಲೇ.

ಇದು ಕಲಾವಿದರು ತಾವಾಗಿ ಸೇರಿಸಿದ ಮಸಾಲೆಯಲ್ಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ವಾಲಿ ಒಂದೊಂದಾಗಿ ಕೇಳುತ್ತಾನೆ. ನಿನ್ನ ನಾಡಿಗೆ ಬಂದು ನಾನೇನು ಕೆಡಿಸಿದ್ದೆ? ಇನ್ನೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಏಕೆ ಹೊಡೆದೆ? ನನ್ನ ಮಾಂಸ ತಿನ್ನುವಂಥದ್ದಲ್ಲ, ಚರ್ಮ ಹೊದೆಯುವಂಥದ್ದಲ್ಲ. ನನಗೊಂದು ಮಾತು ಹೇಳಿದ್ದರೆ ಸೀತೆಯನ್ನು ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆನಲ್ಲ! ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ತಪ್ಪೆಂದು ರಾಮನೂ ಉತ್ತರ ಕೊಡುತ್ತಾನೆ, ವಾಲಿ ಒಪ್ಪುತ್ತಾನೆ. ಆದರೆ ಕವಿ ಆಪಾದನೆಯನ್ನು ಮೊಟಕು ಮಾಡಲಿಲ್ಲ, ಪೂರ್ತಿ ಬರೆದ. ದ್ರೌಪದಿಯ ವಿಷಯದಲ್ಲಿ ಅಷ್ಟೂ ಇಲ್ಲ. ತನ್ನನ್ನೇ ಮೊದಲು ಸೋತುಕೊಂಡವನಿಗೆ ಹೆಂಡತಿಯನ್ನು ಪಣವಿಡುವ ಹಕ್ಕೆಲ್ಲಿ ಉಳಿಯಿತು ಎಂದು ಆಕೆ ತುಂಬಿದ ಸಭೆಯಲ್ಲಿ ಕೇಳಿದಳು. ಧರ್ಮ ಸೂಕ್ಷ್ಮವೆಂದು ಭೀಷ್ಮ ಜಾರಿಕೊಂಡ. ಹಿರಿಯರೆಲ್ಲ ಸುಮ್ಮನಿದ್ದಾಗ ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಅವಳ ಪರ ಮಾತಾಡಿದ. ಅವನನ್ನು ಕರ್ಣ ಗದರಿ ಕೂರಿಸಿದ. ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಇಲ್ಲಿ ಇನ್ನೊಂದು ಮಗ್ಗುಲನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಬ್ರಾಹ್ಮಣನಿಗೆ ಪಾಠ ಹೇಳಿದ ಅದೇ ವ್ಯಾಧ, ತಾನು ಹಿಂದಿನ ಜನ್ಮದಲ್ಲಿ ಬ್ರಾಹ್ಮಣನಾಗಿದ್ದೆ, ತಿಳಿಯದೆ ಒಬ್ಬ ಋಷಿಗೆ ಬಾಣ ಬಿಟ್ಟು ಶಾಪಕ್ಕೆ ಗುರಿಯಾಗಿ ಶೂದ್ರನಾಗಿ ಹುಟ್ಟಿದೆ ಎನ್ನುತ್ತಾನೆ. ಅಂದರೆ ಮೇಲುಕೀಳಿನ ಏಣಿಯನ್ನು ಅಲುಗಾಡಿಸಿದ ಕಥೆಯೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿಬಿಡುತ್ತದೆ. ಕೌಶಿಕನ ಕಣ್ಣು ತೆರೆಸಿದ ಗೃಹಿಣಿಯ ಜ್ಞಾನಕ್ಕೂ ಕಥೆ ಕೊಡುವ ಕಾರಣ ಗಂಡನ ಸೇವೆ. ಏಕಲವ್ಯನ ಹೆಬ್ಬೆರಳು, ಉತ್ತರಕಾಂಡದ ಶಂಬೂಕನ ತಲೆ ಎಲ್ಲರಿಗೂ ಗೊತ್ತಿರುವುದೇ. ಮನುಸ್ಮೃತಿಯಲ್ಲಿ ಶೂದ್ರರಿಗೂ ಹೆಂಗಸರಿಗೂ ವಿಧಿಸಿದ್ದನ್ನು ಓದಿದವರು, 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಅದನ್ನೇಕೆ ಸುಟ್ಟರೆಂದು ಕೇಳಬೇಕಾಗಿಲ್ಲ. ನಮ್ಮ ಗ್ರಂಥಗಳಲ್ಲಿ ಇರುವುದೆಲ್ಲ ಬಂಗಾರ ಎನ್ನುವವರು ಒಂದೋ ಓದಿಲ್ಲ, ಇಲ್ಲವೆ ಓದಿದ್ದನ್ನು ಹೇಳುತ್ತಿಲ್ಲ.

ವಿಚಿತ್ರವೆಂದರೆ, ಆ ಮನುಸ್ಮೃತಿಯೇ ತನ್ನ 4ನೇ ಅಧ್ಯಾಯದಲ್ಲಿ, ಮುಂದೆ ದುಃಖಕ್ಕೆ ದಾರಿಯಾಗುವ, ಜನ ಛೀ ಎನ್ನುವ ಧರ್ಮವನ್ನೂ ಬಿಟ್ಟುಬಿಡಬೇಕು ಎನ್ನುತ್ತದೆ. ಹಳೆಯದನ್ನು ಬಿಡುವುದಕ್ಕೂ ಪರಂಪರೆಯ ಒಳಗೇ ಪರವಾನಗಿ ಇದೆ ಎಂದಾಯಿತು. ಆ ಪರವಾನಗಿಯನ್ನು ಕನ್ನಡದಲ್ಲಿ ಧೈರ್ಯವಾಗಿ ಬಳಸಿದವರು ಕುವೆಂಪು. 1944ರ ‘ಶೂದ್ರತಪಸ್ವಿ’ ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಬಿಟ್ಟು, ಅವನ ಮೇಲೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಸರಿಯೆ ಎಂದು ಮಾಸ್ತಿ ಆಕ್ಷೇಪ ಎತ್ತಿದರು, ಕುವೆಂಪು ಉತ್ತರ ಕೊಟ್ಟರು. ಯಾರು ಗೆದ್ದರು ಎಂಬುದಕ್ಕಿಂತ, ಕನ್ನಡದ ಇಬ್ಬರು ಹಿರಿಯರು ರಾಮನ ನ್ಯಾಯದ ಬಗ್ಗೆ ಬಹಿರಂಗವಾಗಿ ವಾದ ಮಾಡಲು ಸಾಧ್ಯವಿತ್ತು ಎಂಬುದು ದೊಡ್ಡದು. ಇವತ್ತು ಅಂಥ ನಾಟಕ ಬರೆದು ಆಡಿಸುವವರು ಮೊದಲು ಪೊಲೀಸ್ ಬಂದೋಬಸ್ತಿನ ಬಗ್ಗೆ ಯೋಚಿಸಬೇಕಾದೀತು.

ಮಕ್ಕಳಿಗೆ ಪ್ರಶ್ನೆ ಕಲಿಸಿದರೆ ಗೊಂದಲವಾಗುತ್ತದೆ, ಮೊದಲು ಶ್ರದ್ಧೆ ಬರಲಿ ಎಂಬ ವಾದವೂ ಇದೆ. ತಳ್ಳಿಹಾಕುವಂಥದ್ದಲ್ಲ. ಆದರೆ ಗೀತೆ ಹುಟ್ಟಿದ್ದೇ ಒಬ್ಬ ಯೋಧನ ಗೊಂದಲದಿಂದ. 18 ಅಧ್ಯಾಯ ಹೇಳಿ ಮುಗಿಸುವ ಹೊತ್ತಿಗೆ ಕೃಷ್ಣ, ಇದನ್ನೆಲ್ಲ ಚೆನ್ನಾಗಿ ವಿಮರ್ಶೆ ಮಾಡಿ ನಿನಗೆ ಇಷ್ಟ ಬಂದಂತೆ ಮಾಡು ಎನ್ನುತ್ತಾನೆ. ಗೀತೆಯನ್ನು ಕನ್ನಡಿಗರಿಗೆ ಬಾಳಿನ ಪುಸ್ತಕವಾಗಿ ಬಿಡಿಸಿಟ್ಟ ಡಿವಿಜಿಯವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಪುಟಗಳಲ್ಲೂ ಸಂಶಯಗಳನ್ನು ಎತ್ತಿ, ಬಿಡಿಸಿ ನೋಡುವ ಕೆಲಸವೇ ಕಾಣುತ್ತದೆ. ಅಷ್ಟರ ಮೇಲೂ ಶಾಲೆಗೆ ಬರುವ ಗೀತೆ ಶ್ಲೋಕ ಕಂಠಪಾಠದ ಸ್ಪರ್ಧೆಯ ರೂಪದಲ್ಲೇ ಬರುತ್ತದೆ. ಒಂದಕ್ಷರ ತಪ್ಪಿದರೆ ಬಹುಮಾನವಿಲ್ಲ.

ಆದ್ದರಿಂದ ಪಠ್ಯ ಸಿದ್ಧಪಡಿಸುವವರಲ್ಲಿ ಒಂದು ವಿನಂತಿ. ನೀತಿಪಾಠಕ್ಕೆ ಈ ಗ್ರಂಥಗಳನ್ನು ತರುವುದಾದರೆ ಶ್ಲೋಕದಿಂದ ಆರಂಭಿಸಬೇಡಿ, ಮಾಂಡವ್ಯನಿಂದ ಆರಂಭಿಸಿ. ಮಿಥಿಲೆಯ ವ್ಯಾಧನನ್ನು ತನ್ನಿ, ಅವನ ಹಿಂದಿನ ಜನ್ಮದ ಕಥೆಯನ್ನೂ ಮರೆಮಾಚದೆ ತನ್ನಿ. ಒಬ್ಬಳು ವಾಲಿಯಾಗಲಿ, ಇನ್ನೊಬ್ಬ ರಾಮನಾಗಲಿ, ಮರುದಿನ ಅದಲುಬದಲಾಗಲಿ. ಏಕಲವ್ಯನ ಪಾಠ ಮಾಡುವ ದಿನ, ದ್ರೋಣ ಮಾಡಿದ್ದು ಸರಿಯೆ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದರೆ ಮೇಷ್ಟ್ರು ಅವನನ್ನು ಗದರಿ ಕೂರಿಸದಿರಲಿ. ಇದಕ್ಕೆ ಪರೀಕ್ಷೆ ಬೇಡ, ಅಂಕವೂ ಬೇಡ. ಬೇರೆ ಧರ್ಮಗಳ ಕಥೆಗಳೂ ಇದೇ ಪದ್ಧತಿಯಲ್ಲಿ ತರಗತಿಗೆ ಬರಲಿ. ಇನ್ನು ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲದ ಮನೆಗಳಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಕಪಾಟಿನಲ್ಲಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಅದನ್ನು ಹೊರಗೆ ತೆಗೆಯಿರಿ. ಸಭಾಪರ್ವವನ್ನು ಮಕ್ಕಳ ಎದುರು ಗಟ್ಟಿಯಾಗಿ ಓದಿ, ದ್ರೌಪದಿಯ ಪ್ರಶ್ನೆಗೆ ಅವರೇನು ಹೇಳುತ್ತಾರೆಂದು ಕೇಳಿಸಿಕೊಳ್ಳಿ.